ಒಂಬತ್ತನೆಯ ಜಾಗ

ಎಂಟು, ಹತ್ತು, ಹನ್ನೊಂದು — ಅಲ್ಲ, ತಪ್ಪಿತು, ಬಿಸಿಲು ಹಿತ್ತಾಳೆಯ ಮೇಲೆ ಬಿದ್ದು ನೆಟ್ಟಗೆ ಕಣ್ಣಿಗೇ ಹೊಡೆಯುತ್ತಿದೆ, ಮತ್ತೆ ಎಣಿಸು ಆರ್ಲೀಥಾ, ಎಡಗಡೆಯಿಂದ, ನಿಧಾನವಾಗಿ, ಒಂದು, ಎರಡು, ಮೂರು, ಮೈಸುತ್ತಿ ಹೆಗಲೇರಿ ತಲೆಯ ಮೇಲೆ ಬಾಯಿ ತೆರೆದ ಸೂಸಾಫೋನುಗಳು, ಹದಿನಾರಿರಬೇಕು, ನಮ್ಮ ಕಾಲದಿಂದಲೂ ಹದಿನಾರೇ, ಕ್ಯಾಂಟ್ರೆಲ್ ಕಾಲೇಜು ಬ್ಯಾಂಡಿನ ಗುಡುಗು ಸಾಲು ಎಂದರೆ ಹದಿನಾರು ಜನ, ಒಬ್ಬರಿಂದೊಬ್ಬರಿಗೆ ಎರಡು ಹೆಜ್ಜೆ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ, ಆರು, ಏಳು, ಎಂಟು, ಎಂಟನೆಯವನು ಟ್ರೆವಿಯಾನ್, ಸಾಲಿನ ಮುಖಂಡ, ಅವನ ಪಕ್ಕ ಒಂಬತ್ತನೆಯವಳು ನನ್ನ ಮಗಳು ಮಕಿಯಾ, ಮೊದಲ ವರ್ಷದವರನ್ನು ಮುಖಂಡನ ಮಗ್ಗುಲಲ್ಲೇ ನಿಲ್ಲಿಸುವುದು, ಕಣ್ಣಳತೆಯಲ್ಲಿರಲಿ ಎಂದು, ಟ್ರೆವಿಯಾನ್ ಇದ್ದಾನೆ, ಅವನ ಪಕ್ಕ ಹುಲ್ಲು. ಬರೀ ಹುಲ್ಲು, ಸುಣ್ಣದ ಗೆರೆಯ ಒಂದು ತುಂಡು, ನಾಲ್ಕು ಹೆಜ್ಜೆ ಅಗಲದ ಖಾಲಿ ಜಾಗ, ಅದರಾಚೆ ಹತ್ತನೆಯವನು. ಯಾರೇ ಅದು ಎದ್ದು ನಿಂತಿರೋದು, ಕೂತ್ಕೊಳೇ, ನಿನ್ನ ಬೆನ್ನು ನೋಡಕ್ಕಾ ನಾನು ಐದು ಗಂಟೆ ಬಸ್ಸಲ್ಲಿ ಕೂತು ಬಂದಿರೋದು, ಎಂದು ಹಿಂದಿನ ಸಾಲಿನಿಂದ ಮಿಸ್ ಪರ್ಲೀನ್, ನಲವತ್ತು ವರ್ಷದಿಂದ ಇದೇ ಸಾಲು, ಇದೇ ಸೀಟು, ಕೆಳಗೆ ಹಾಕಿಕೊಳ್ಳಲು ಅದೇ ನೇರಳೆ ಬಣ್ಣದ ದಿಂಬು, ಚೆಂಡಾಟ ನಡೆಯುವಾಗ ಬೆನ್ನು ತಿರುಗಿಸಿ ಹರಟುವ ಮುದುಕಿ ಮಧ್ಯಂತರದಲ್ಲಿ ಮಾತ್ರ ರೆಪ್ಪೆ ಹೊಡೆಯುವುದಿಲ್ಲ, ಆಕೆಯೊಬ್ಬಳೇ ಏಕೆ, ಈ ಕಡೆ ಕೂತ ಹದಿನೈದು ಸಾವಿರ ಜನರಲ್ಲಿ ಒಬ್ಬರೂ ಈಗ ಏಳುವುದಿಲ್ಲ, ಬೇರೆ ಕಾಲೇಜುಗಳಲ್ಲಿ ಮಧ್ಯಂತರ ಇರುವುದು ತಿಂಡಿಗೆ, ಉಚ್ಚೆಗೆ, ನಮ್ಮಲ್ಲಿ ಜನ ಬಂದಿರುವುದೇ ಮಧ್ಯಂತರದ ಬ್ಯಾಂಡಿಗೆ, ಆಟ ಸೋತರೂ ಊಟ ಇಳಿಯುತ್ತದೆ, ಬ್ಯಾಂಡು ಸೋತರೆ ಇಳಿಯುವುದಿಲ್ಲ. ಕೂತೆ. ಕೂತರೂ ಕಾಣುತ್ತದೆ. ಡ್ರಮ್ಮುಗಳ ತಾಳಕ್ಕೆ ಇನ್ನೂರು ಮೊಣಕಾಲುಗಳು ಸೊಂಟದೆತ್ತರಕ್ಕೆ ಏಳುತ್ತಿವೆ, ಒಂದೇ ಸಲ ಏಳುತ್ತವೆ, ಒಂದೇ ಸಲ ಬೀಳುತ್ತವೆ, ಸಾಲು ಮುಂದೆ ಬರುತ್ತಿದೆ, ಆ ಖಾಲಿ ಜಾಗವೂ ಅದರ ಜೊತೆಗೇ ಮುಂದೆ ಬರುತ್ತಿದೆ.

ಜ್ವರವಿರಬಹುದು. ಅಕ್ಟೋಬರ್ ಬಂತೆಂದರೆ ಹಾಸ್ಟೆಲಿನಲ್ಲಿ ಒಬ್ಬರಿಗೆ ನೆಗಡಿಯಾದರೆ ಎಲ್ಲರಿಗೂ, ಅಥವಾ ಕಾಲು ಉಳುಕಿರಬಹುದು, ಅಥವಾ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಿದ್ದು ಮೇಷ್ಟ್ರು ಹೊರಗೆ ಕೂರಿಸಿರಬಹುದು, ಹಾಗಾದರೂ ಆಗಿರಲಿ ದೇವರೇ, ಬೆಳಿಗ್ಗೆಯಿಂದ ಫೋನ್ ಎತ್ತಿಲ್ಲ ನಿಜ, ಆದರೆ ಆಟದ ದಿನ ಬ್ಯಾಂಡಿನ ಮಕ್ಕಳ ಫೋನುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಬೀಗ ಜಡಿಯುತ್ತಾರೆ, ಅದಕ್ಕೇ ನಾನು ತಲೆ ಕೆಡಿಸಿಕೊಳ್ಳಲಿಲ್ಲ, ಗೇಟಿನ ಬಳಿ ಬೇಯಿಸಿದ ಕಡಲೆಕಾಯಿ ಕೊಂಡೆ, ಹಳೇ ತಲೆಗಳ ಜೊತೆ, ನನ್ನಂತೆ ಹಿಂದೆ ಸಾಲಿನಲ್ಲಿದ್ದವರ ಜೊತೆ, ನಿಂತು ನಕ್ಕೆ — ಆದರೆ ಜ್ವರವಾಗಿದ್ದರೆ ಜಾಗ ಮುಚ್ಚಿಕೊಳ್ಳಬೇಕಿತ್ತಲ್ಲ, ಇದು ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತು, ಗುಡುಗು ಸಾಲಿನಲ್ಲಿ ಮೊದಲ ವರ್ಷದವರಿಗೆ ಹೆಸರಿಲ್ಲ, ಏಡಿ ಎನ್ನುತ್ತೇವೆ, ಏ ಏಡಿ ಬಾರೋ, ಏ ಏಡಿ ಹೋಗೇ, ಏಡಿ ಬಂದರೆ ನಿಲ್ಲುತ್ತದೆ, ಬರದಿದ್ದರೆ ಉಳಿದವರು ಹತ್ತಿರ ಸರಿದು ಸಾಲು ಮುಚ್ಚಿಕೊಳ್ಳುತ್ತಾರೆ, ನೋಡುವವರಿಗೆ ಒಬ್ಬರು ಕಡಿಮೆ ಎಂದು ತಿಳಿಯುವುದೇ ಇಲ್ಲ, ಏಡಿಗೆ ಜಾಗ ಇಡುವುದಿಲ್ಲ. ಜಾಗ ಇಡುವುದು ದಾಟಿದವರಿಗೆ. ಹಿರಿಯರ ಕೈಗೆ ಸಿಕ್ಕಿ ದಾಟಿದವರು ನಮ್ಮವರು, ನಮ್ಮವರು ಬರಲಾಗದಿದ್ದರೆ ಮಾತ್ರ ಆ ನಾಲ್ಕು ಹೆಜ್ಜೆಯನ್ನು ಹಾಗೇ ತೆರೆದಿಟ್ಟು ನಡೆಯುತ್ತೇವೆ, ಅದು ಮರ್ಯಾದೆ. ಹಾಗಾದರೆ ಮಕಿಯಾಳನ್ನು ದಾಟಿಸಿದ್ದಾರೆ. ಈ ವರ್ಷ ಸಾಲಿಗೆ ಬಂದ ಏಡಿ ಒಂದೇ ಒಂದು, ಅಂದರೆ ಹದಿನೈದು ಜನರ ಕೈಗೆ ಸಿಕ್ಕಿದ್ದು ಒಬ್ಬಳೇ, ಮೂವತ್ತು ಪೌಂಡಿನ ಹಾರ್ನನ್ನು ತಲೆಯ ಮೇಲೆತ್ತಿ ಬಾತುಕೋಳಿಯಂತೆ ಕುಕ್ಕರುಗಾಲಲ್ಲಿ ಗೋಡೆಯಿಂದ ಗೋಡೆಗೆ ನಡೆಯಬೇಕು, ತೊಡೆ ನಡುಗಿ ಬೀಳುವವರೆಗೆ, ಬಿದ್ದ ಮೇಲೆ ಹಲಗೆಯ ಏಟು, ಒಬ್ಬೊಬ್ಬರದೂ ಸರದಿಯಂತೆ, ತೊಡೆಯ ಹಿಂಭಾಗಕ್ಕೆ. ಗುರುವಾರ ಸಂಜೆಯೇ ಆಗಿರಬೇಕು, ಏಕೆಂದರೆ ನಿನ್ನೆ, ಶುಕ್ರವಾರ ಬೆಳಿಗ್ಗೆ ಆ ಮೆಸೇಜು ಬಂತು, ನಾನು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದೆ, ಅಮ್ಮಾ ಉಚ್ಚೆ ಕೋಲಾ ಥರ ಕಪ್ಪಗೆ ಬರ್ತಿದೆ, ಇದು ಮಾಮೂಲಾ. ಓದಿದೆ. ಎರಡು ಸಲ ಓದಿದೆ. ಚೆನ್ನಾಗಿ ನೀರು ಕುಡಿ ಮಗಾ, ಎರಡು ದಿನಕ್ಕೆ ಹೋಗುತ್ತೆ, ನಮಗೂ ಆಗಿತ್ತು, ಎಂದು ಬರೆದು ಒಂದು ನೇರಳೆ ಹೃದಯ ಅಂಟಿಸಿದೆ. ಸರಿ ಅಮ್ಮಾ, ಎಂದಳು. ಅಷ್ಟೇ. ಆಮೇಲೆ ನಾನೇನು ಮಾಡಿದೆ, ಪಕ್ಕದ ಮೇಜಿನವಳಿಗೆ ಹೇಳಿದೆ, ನನ್ನ ಮಗಳು ದಾಟಿದಳು ಕಣೇ ಎಂದು ಹೇಳಿದೆ, ಹೆಮ್ಮೆಯಿಂದ ಎದೆಯುಬ್ಬಿ ಹೇಳಿದೆ, ಥೂ ನನ್ನ ಜನ್ಮಕ್ಕೆ.

ನಮಗೂ ಆಗಿತ್ತು ಎಂದೆನಲ್ಲ, ಸುಳ್ಳು, ನನಗೆ ಆಗಿರಲಿಲ್ಲ, ನನಗೆ ಹದಿನೈದು ದಿನ ಕೂರಲಾಗಲಿಲ್ಲ, ಅಷ್ಟೇ, ಆಗಿದ್ದು ಕ್ವಿನೆಟ್‌ಗೆ. ತೊಂಬತ್ತಾರನೇ ಇಸವಿ. ನಾನು ಎರಡನೆಯ ವರ್ಷ, ಅವಳು ಏಡಿ, ನನ್ನ ಕೋಣೆಯಲ್ಲೇ ಇದ್ದಳು, ಸೆಲ್ಮಾ ಕಡೆಯ ಹುಡುಗಿ, ನಿದ್ದೆಯಲ್ಲಿ ಬೆರಳುಗಳಿಂದ ಹಾಸಿಗೆಯ ಮೇಲೆ ಸ್ವರ ಒತ್ತುತ್ತಿದ್ದಳು. ಅವಳನ್ನು ದಾಟಿಸುವಾಗ ಪಾದ ಹಿಡಿದುಕೊಂಡವಳು ನಾನು. ಯಾರಾದರೂ ಹಿಡಿಯಬೇಕಲ್ಲ, ನೀನೇ ಹಿಡಿ ಆರ್ಲೀಥಾ, ನಿನ್ನ ರೂಮಿನವಳಲ್ವಾ, ಎಂದರು, ಹಿಡಿದೆ. ಮಾರನೆಯ ದಿನ ಬಚ್ಚಲಿನಿಂದ ಕೂಗಿದಳು, ಅಕ್ಕಾ ಒಂದ್ ನಿಮಿಷ ಬನ್ನಿ, ಇದೇನಿದು ನೋಡಿ, ನೋಡಿದೆ, ಕೋಲಾ ಬಣ್ಣ, ಕಮೋಡಿನ ಬಿಳಿಯ ಮೇಲೆ ಇನ್ನೂ ಕಪ್ಪಾಗಿ ಕಾಣುತ್ತಿತ್ತು. ನೀರು ಕುಡಿ ಎಂದೆ. ಜ್ವರ ಎಂದು ಮೇಷ್ಟ್ರಿಗೆ ಹೇಳಿದೆವು. ಶುಂಠಿ ಸೋಡಾ ತಂದುಕೊಟ್ಟೆವು, ಉಪ್ಪು ಬಿಸ್ಕತ್ತು ತಂದುಕೊಟ್ಟೆವು, ಮೂರನೆಯ ದಿನ ಮುಖ ಊದಿಕೊಂಡಿತು, ಆಗ ಆಸ್ಪತ್ರೆ, ಮೂತ್ರಪಿಂಡ ಎರಡೂ ನಿಂತುಹೋಗಿವೆ, ಜಜ್ಜಿದ ಮಾಂಸದ ವಿಷ ರಕ್ತಕ್ಕೆ ಇಳಿದಿದೆ, ಹೇಗಾಯ್ತು ಹೇಳಿ ಮಕ್ಕಳೇ, ಎಂದು ಡಾಕ್ಟರು ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳಿದರು. ಮೆಟ್ಟಿಲಿನಿಂದ ಬಿದ್ದಳು ಎಂದೆವು. ಹದಿನೈದು ಬಾಯಿ, ಒಂದೇ ಮೆಟ್ಟಿಲು. ಒಂಬತ್ತನೆಯ ದಿನ ಹೋದಳು. ಅವಳ ಜಾಗವನ್ನು ನಾವು ವರ್ಷವೆಲ್ಲ ತೆರೆದಿಟ್ಟು ನಡೆದೆವು, ಸಾಲಿನ ಬಲತುದಿಯಿಂದ ಮೂರನೆಯದು, ಆಗಿನ ಮುಖಂಡನ ಮಗ್ಗುಲು, ಸಾಲು ತಿರುಗಿದರೆ ಜಾಗವೂ ತಿರುಗುತ್ತಿತ್ತು, ಸಾಲು ಬಾಗಿದರೆ ಆ ಜಾಗವೂ ಬಾಗಿದಂತೆ ಕಾಣುತ್ತಿತ್ತು, ಅದನ್ನು ನೋಡುವುದಕ್ಕೆಂದೇ ಮಾಂಟ್ಗಮರಿಯಿಂದ, ಮೊಬೀಲ್ ಪಟ್ಟಣದಿಂದ ಜನ ಬಂದರು, ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅತ್ತರು, ಇಂಥ ಸಾಲು ಇನ್ನೆಲ್ಲೂ ಇಲ್ಲ ಕಣ್ರೀ ಎಂದರು. ಕೊನೆಯ ಆಟಕ್ಕೆ ಕ್ವಿನೆಟ್‌ಳ ತಾಯಿ ಬಂದಿದ್ದಳು, ಕಪ್ಪು ಟೋಪಿ, ಕೈಯಲ್ಲಿ ಸಿಹಿಗೆಣಸಿನ ಪೈ, ಮೂರು ತಟ್ಟೆ, ನನ್ನ ಮಗಳಿಗೆ ಜಾಗ ಇಟ್ಟಿದ್ದೀರಲ್ಲ ಮಕ್ಕಳಾ, ದೇವರು ನಿಮ್ಮನ್ನ ಚೆನ್ನಾಗಿ ಇಟ್ಟಿರ್ಲಿ, ಎಂದು ಒಬ್ಬೊಬ್ಬರ ಕೆನ್ನೆಯನ್ನೂ ಸವರಿದಳು. ಪೈಯನ್ನು ನಾವು ತಿಂದೆವು. ಒಂದು ಚೂರೂ ಉಳಿಸಲಿಲ್ಲ.

ಮತ್ತೆ ನೋಡು. ಸಾಲು ಮಧ್ಯದ ಗೆರೆಗೆ ಬಂದು ನಿಂತಿದೆ, ಬ್ಯಾಂಡನ್ನು ಮುನ್ನಡೆಸುವ ಡ್ರಮ್ ಮೇಜರ್ ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿಸಿ ಟೋಪಿಯ ಗರಿಯಿಂದ ಹುಲ್ಲು ಮುಟ್ಟುತ್ತಿದ್ದಾನೆ, ಜನ ಹುಚ್ಚೆದ್ದಿದ್ದಾರೆ, ಮೊದಲ ಹಾಡು ಶುರುವಾಯಿತು, ಗುಡುಗು ಸಾಲಿನ ಸದ್ದು ಬೆಂಚಿನೊಳಗಿನಿಂದ ಬೆನ್ನುಮೂಳೆಗೆ ಹತ್ತುತ್ತಿದೆ, ಹದಿನೈದರ ಸದ್ದು, ನನ್ನ ಕಿವಿಗೆ ತಿಳಿಯುತ್ತದೆ ಅದು ಹದಿನೈದೆಂದು. ಆಗಸ್ಟಿನಲ್ಲಿ ಸಹಿ ಹಾಕಿದೆನಲ್ಲ, ಪ್ರತಿ ವರ್ಷ ಹಾಕಿಸಿಕೊಳ್ಳುತ್ತಾರೆ, ಕಿರಿಯರನ್ನು ಹೊಡೆಯುವುದಿಲ್ಲ, ಹೊಡೆಸಿಕೊಂಡರೆ ಮುಚ್ಚಿಡುವುದಿಲ್ಲ ಎಂಬ ಕಾಗದ, ಮಕ್ಕಳದೊಂದು ಸಹಿ, ಹೆತ್ತವರದೊಂದು, ನಾನು ಮಕಿಯಾಳ ಪೆನ್ನು ಕಿತ್ತುಕೊಂಡು ನಗುತ್ತ ಗೀಚಿದೆ, ಆಮೇಲೆ ಕಾರು ನಿಲ್ಲಿಸುವಲ್ಲಿಗೆ ಹೋಗಿ ಡಿಕ್ಕಿ ತೆರೆದು ಕರಿದ ಮೀನು ಹಂಚಿದೆ, ಸಾಲಿನ ಹುಡುಗರೆಲ್ಲ ಬಂದರು, ಹಳೇ ತಲೆ ಮೀನು ತಂದರೆ ಯಾರು ಬಿಡುತ್ತಾರೆ. ಅಲ್ಲಿ ಮಾತಾಡಿದೆ. ಏನು ಮಾತಾಡಿದೆ ಎಂದು ನೆನಪಿಲ್ಲ ಅನ್ನಬೇಡ ಆರ್ಲೀಥಾ, ಒಂದೊಂದು ಅಕ್ಷರವೂ ನೆನಪಿದೆ. ಸಾಲಿನ ಮಾತು ಸಾಲಲ್ಲೇ ಇರ್ಬೇಕು ಕಣ್ರೋ, ಮೇಷ್ಟ್ರ ಕಿವಿಗೂ ಬೀಳ್ಬಾರ್ದು, ಮನೆಯವರ ಕಿವಿಗೂ ಬೀಳ್ಬಾರ್ದು, ಇನ್ನೊಂದು ವಿಷ್ಯ, ಇವಳು ಆರ್ಲೀಥಾ ಮಗಳು ಅಂತ ಯಾರೂ ಕೈ ಸಡಿಲ ಮಾಡ್ಬೇಡಿ, ನನ್ನ ಮುಖ ನೋಡಿ ಬಿಟ್ರು ಅಂತ ನಾಳೆ ಯಾರಾದ್ರೂ ಆಡ್ಕೊಂಡ್ರೆ ನಂಗೆ ಅವಮಾನ. ಟ್ರೆವಿಯಾನ್ ಮೀನಿನ ಎಣ್ಣೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು ನೆಟ್ಟಗೆ ನಿಂತು, ಆಯ್ತು ಮ್ಯಾಮ್, ಎಂದ. ಒಳ್ಳೆಯ ಹುಡುಗ. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾನೆ. ಮಕಿಯಾ ಅಲ್ಲೇ ತಟ್ಟೆ ಹಿಡಿದು ನಿಂತಿದ್ದಳು, ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿ ನನ್ನನ್ನೇ ನೋಡಿದಳು, ಅಮ್ಮಾ ನೀನು ನಮ್ಮ ಕಡೆನೋ ಅವರ ಕಡೆನೋ, ಎಂದು ದಾರಿಯಲ್ಲಿ ಕೇಳಿದಳು, ಕಾರಿನ ರೇಡಿಯೋ ಜೋರು ಮಾಡಿದೆ. ಅವಳಪ್ಪ ಅಟ್ಲಾಂಟಾದಿಂದ ಫೋನ್ ಮಾಡಿ ಹೇಳಿದ್ದ, ಅವಳಿಗೆ ಇಷ್ಟ ಇದ್ರೆ ನುಡಿಸ್ಲಿ, ಆದ್ರೆ ಆ ಸಾಲಿಗೆ ಮಾತ್ರ ಬೇಡ, ಕ್ಲಾರಿನೆಟ್ ಹಿಡೀಲಿ, ಎಂದಿದ್ದ, ನಿನ್ನ ಹೊಟ್ಟೆಯುರಿ ನಂಗೊತ್ತಿಲ್ವಾ, ಹೋಗಯ್ಯ, ಎಂದು ಫೋನಿಟ್ಟೆ.

ಒತ್ತು. ಮೂರು ಅಂಕಿ, ಅಷ್ಟೇ. ಹೆಬ್ಬೆರಳು ಅಲ್ಲೇ ಇದೆ, ಒತ್ತಿದರೆ ಆಂಬುಲೆನ್ಸ್, ಆಂಬುಲೆನ್ಸ್ ಹಿಂದೆ ಪೊಲೀಸು, ಪೊಲೀಸಿನ ಹಿಂದೆ ಟಿ.ವಿ.ಯವರು, ಬ್ಯಾಂಡನ್ನು ಒಂದು ವರ್ಷ, ಎರಡು ವರ್ಷ ಮುಚ್ಚುತ್ತಾರೆ, ಆಮೇಲೆ ಯಾರೋ ಒಬ್ಬ ಕೇಳುತ್ತಾನೆ, ನಿಮಗೆ ಹೇಗೆ ಗೊತ್ತಾಯ್ತು ಇದು ಇಂಥದ್ದೇ ಎಂದು, ಜಾಗ ನೋಡಿ ಗೊತ್ತಾಯ್ತು ಅಂದರೆ, ಯಾವ ಜಾಗ, ಹಿಂದೆ ಯಾರ ಜಾಗ, ಕ್ವಿನೆಟ್‌ಳ ತಾಯಿ ಇನ್ನೂ ಬದುಕಿದ್ದಾಳೆ — ನೋಡು, ಮಗಳ ಮೈಯಲ್ಲಿ ವಿಷ ಏರುತ್ತಿರುವಾಗ ನೀನು ಯೋಚಿಸುವುದು ಇದನ್ನ. ಒತ್ತಿದೆ. ಹೇಳಿ ಮ್ಯಾಮ್ ಏನಾಗಿದೆ, ಎಂದು ಒಂದು ಹೆಂಗಸಿನ ದನಿ, ನನ್ನ ಮಗಳು, ಎಂದೆ, ಅವಳಿಗೆ ಮೂತ್ರಪಿಂಡ, ಬೇಗ ಬನ್ನಿ, ಎಂದೆ, ಮಗಳು ಎಲ್ಲಿದ್ದಾಳೆ ಮ್ಯಾಮ್, ಪಕ್ಕದಲ್ಲಿದ್ದಾಳಾ, ಜೋರಾಗಿ ಹೇಳಿ, ಅಲ್ಲೇನು ಗಲಾಟೆ, ಕೇಳಿಸ್ತಿಲ್ಲ. ಎಲ್ಲಿದ್ದಾಳೆ. ಹಾಸ್ಟೆಲಿನಲ್ಲೋ, ಬಸ್ಸಿನಲ್ಲೋ, ಯಾರ ಮನೆಯಲ್ಲೋ, ನನಗೆ ಗೊತ್ತಿಲ್ಲ, ಗೊತ್ತಿರುವುದು ಆ ಹದಿನೈದು ಜನರಿಗೆ, ಅವರು ಅಲ್ಲಿ ಕೆಳಗೆ ಕೆನ್ನೆಯುಬ್ಬಿಸಿ ಊದುತ್ತಿದ್ದಾರೆ. ಕಾಲ್ ಕತ್ತರಿಸಿತು, ನಾನೇ ಕತ್ತರಿಸಿದೆನೋ. ಎದ್ದೆ. ಕಡಲೆಕಾಯಿ ಪೊಟ್ಟಣ ಬಿತ್ತು. ಮುಂದಿನ ಸಾಲಿನ ಸೆಡ್ರಿಕ್, ಕೋಲಿನ ತುದಿಗೆ ಫೋನ್ ಕಟ್ಟಿ ಊರೂರಿನ ಬ್ಯಾಂಡುಗಳ ವಿಡಿಯೋ ಹಾಕುವವನು, ಅವನ ಪುಟದಲ್ಲಿ ದಿನಾ ಜಗಳ, ನಿಮ್ಮ ತುತ್ತೂರಿ ಹೆಚ್ಚೋ ನಮ್ಮ ಡ್ರಮ್ಮು ಹೆಚ್ಚೋ ಎಂದು ದೊಡ್ಡ ದೊಡ್ಡ ಗಂಡಸರು ಹಲ್ಲು ಕಡಿಯುತ್ತಾರೆ, ಅವನು ತಿರುಗಿ ನನ್ನ ಮೈಮೇಲಿನ ಹಳೆಯ ನೇರಳೆ ಜಾಕೆಟ್ ನೋಡಿದ, ಎದೆಯ ಮೇಲಿನ ಗುಡುಗು ಸಾಲಿನ ಗುರುತು ನೋಡಿದ, ಮೈದಾನ ನೋಡಿದ, ಅವನ ಮುಖ ಅರಳಿತು. ಅಯ್ಯೋ ಆಂಟಿ, ಒಂಬತ್ತು ಖಾಲಿ ಬಿಟ್ಟಿರೋದು ನಿಮಗಾ, ಮಗಳ ಜಾಗದಲ್ಲಿ ತಾಯಿ, ಎಂಥಾ ಪ್ಲಾನ್ ಮಾಡಿದ್ದಾರೆ ಇವ್ರು, ಎಂದ, ಕೋಲನ್ನು ನನ್ನ ಮುಖಕ್ಕೇ ಹಿಡಿದ. ಅಲ್ಲ, ಎಂದೆ. ಹೋಮ್‌ಕಮಿಂಗ್ ಶನಿವಾರ ಇದು, ನಮ್ಮ ತವರಿನ ದಿನ, ಹಳೇ ತಲೆಗಳು ಇಳಿದು ಒಂದು ಹಾಡಿಗೆ ಸಾಲಿನಲ್ಲಿ ನಿಲ್ಲುವುದು ಇದ್ದೇ ಇದೆ, ಅದಕ್ಕೇ ಅವನಿಗೆ ಹಾಗನ್ನಿಸಿತು, ಅದಕ್ಕೇ ಎಲ್ಲರಿಗೂ ಹಾಗನ್ನಿಸಿತು. ನಿಂಗೇ ಕಣೇ ಅದು, ಸುಮ್ನೆ ನಾಚ್ಕೊಂಡು ಕೂತಿದ್ದಾಳೆ ನೋಡಿ ಕಳ್ಳಿ, ಹೋಗೇ, ನಿನ್ನ ಮಂಡಿ ಇನ್ನೂ ಏಳುತ್ತಾ ನೋಡೋಣ, ಎಂದು ಮಿಸ್ ಪರ್ಲೀನ್ ಬೆನ್ನಿಗೆ ಕೈ ಹಚ್ಚಿ ತಳ್ಳಿದಳು. ಅಲ್ಲ ಮಿಸ್ ಪರ್ಲೀನ್, ನನ್ನ ಮಗಳು, ಎಂದೆ, ಗೊತ್ತು ಕಣೇ ನಿನ್ನ ಮಗಳ ಜಾಗ ಅಂತ ಗೊತ್ತು, ಹೋಗು. ಮಧ್ಯಂತರದಲ್ಲಿ ಎದ್ದವರನ್ನು ಬೈದು ಕೂರಿಸುವ ಜನ ಕಾಲು ಮಡಚಿಕೊಂಡು ದಾರಿ ಬಿಟ್ಟರು, ಆರ್ಲೀಥಾ, ಆರ್ಲೀಥಾ, ತೊಂಬತ್ತೆಂಟರಲ್ಲಿ ಹಾರ್ನ್ ಹೊತ್ತುಕೊಂಡೇ ಮೂರು ಸುತ್ತು ತಿರುಗಿದವಳು ಇವಳೇ ಎಂದು ಮಗ್ಗುಲವರಿಗೆ ತೋರಿಸಿದರು, ಕೈಗಳು ಬೆನ್ನು ತಟ್ಟುತ್ತಿವೆ, ಮೆಟ್ಟಿಲು ಒಂದೊಂದಾಗಿ ಕೆಳಗಿಳಿಯುತ್ತಿದೆ, ನಾನು ಬಾಯಿ ತೆರೆದು ಏನೋ ಕೂಗುತ್ತಿದ್ದೇನೆ, ನನ್ನ ಕೂಗು ನನಗೇ ಕೇಳಿಸುತ್ತಿಲ್ಲ. ಇವರಿಗೆ ನಿಜ ಹೇಳಿದರೆ ಸುತ್ತ ನೆರೆದು ಏನು ಏನು ಎಂದು ಕೇಳುತ್ತಾರೆ, ಸುಳ್ಳು ನಂಬಿದ್ದರೆ ದಾರಿ ಬಿಡುತ್ತಾರೆ, ನಂಬಿಕೊಂಡಿರಲಿ, ಬೇಗ ಇಳಿ.

ಗೇಟಿನವನು ಕೈ ಅಡ್ಡ ಹಾಕಲೂ ಇಲ್ಲ. ಹೋಗಿ ಮ್ಯಾಮ್, ಜಮಾಯಿಸಿ, ಎಂದ. ಹುಲ್ಲು. ಕಾಲ ಕೆಳಗೆ ಆ ಮೆತ್ತನೆ ಇಪ್ಪತ್ತೈದು ವರ್ಷ ಆದ ಮೇಲೂ ಪಾದಕ್ಕೆ ಗುರುತು ಸಿಗುತ್ತದೆ, ಛೇ, ಅದನ್ನೇಕೆ ಈಗ, ಓಡು, ಓಡಿದರೆ ಜನ ಕೂಗುತ್ತಾರೆ, ಮೇಷ್ಟ್ರು ಆಚೆ ಏಣಿಯ ಮೇಲೆ ನಮ್ಮ ಕಡೆ ಬೆನ್ನು ಮಾಡಿ ಕೈ ಆಡಿಸುತ್ತಿದ್ದಾರೆ, ಅವರಿಗೆ ಹೇಳಲೇ, ಅವರಿಗೇನು ಗೊತ್ತು, ಹುಡುಗಿಗೆ ಜ್ವರ ಎಂದು ಯಾರೋ ಹೇಳಿರುತ್ತಾರೆ, ನಾವು ಹೇಳಿರಲಿಲ್ಲವೇ. ಮೊದಲ ಹಾಡು ಮುಗಿಯಿತು. ಎಲ್ಲರೂ ಕಂಬದಂತೆ ನಿಂತರು, ಹಾಡು ಹಾಡಿನ ನಡುವೆ ಮೂವತ್ತು ಎಣಿಕೆಯಷ್ಟು ಹೊತ್ತು ಯಾರ ಕಣ್ಣೂ ಆಡಬಾರದು, ನೊಣ ಕೂತರೂ ಕೆನ್ನೆ ಅಲುಗಬಾರದು, ನಾನು ಸಾಲಿನ ಮುಂದಿನಿಂದ ಒಂದು, ಎರಡು, ಮೂರು ಹಾದು ಹೋದೆ, ಕುತ್ತಿಗೆಗಳಲ್ಲಿ ಬೆವರು ಇಳಿಯುತ್ತಿದೆ, ಯಾರೂ ನನ್ನನ್ನು ನೋಡಲಿಲ್ಲ, ಎಷ್ಟು ಚೆನ್ನಾಗಿ ಪಳಗಿಸಿದ್ದಾರೆ, ಏಳು, ಎಂಟು, ಜಾಗಕ್ಕೆ ಬಂದೆ. ಒಳಗೆ ನಿಂತೆ. ಮೇಲಿನಿಂದ ಅಷ್ಟಗಲ ಕಂಡದ್ದು ನಿಂತರೆ ಇಷ್ಟೇ, ಒಬ್ಬಳು ನಿಲ್ಲುವಷ್ಟು. ಹದಿನೈದು ಸಾವಿರ ಜನ ಎದ್ದು ನಿಂತ ಸದ್ದು ಮಳೆ ಬಂದಂತೆ ಬಂತು. ಟ್ರೆವಿಯಾನ್, ಅವಳೆಲ್ಲಿ, ಎಂದೆ. ಅವನು ನೇರ ಮುಂದೆ ನೋಡುತ್ತಲೇ, ತುಟಿ ಅಲುಗಿಸದೆ, ಶೋ ನಡೀತಿದೆ ಮ್ಯಾಮ್, ಎಂದ. ಎಲ್ಲಿ ಅಂತ ಕೇಳ್ದೆ ಕಣೋ. ವಾದ್ಯದ ಕೋಣೇಲಿ, ಹಿಂದುಗಡೆ, ಹಳೇ ಯೂನಿಫಾರಂ ಹಾಸಿ ಮಲಗಿಸಿದೀವಿ, ಚೆನ್ನಾಗಿ ನೋಡ್ಕೊಂಡಿದೀವಿ ಮ್ಯಾಮ್, ನೀರು ಕುಡಿಸ್ತಾನೇ ಇದ್ವಿ, ನೀವೇ ಹೇಳಿದ್ರಂತಲ್ಲ, ನಿಮ್ಮ ಮೆಸೇಜು ತೋರಿಸಿದ್ಲು, ನಿನ್ನೆಯೆಲ್ಲ ಕುಡಿದ್ಲು. ಇವತ್ತು, ಎಂದೆ. ಇವತ್ತು ಬೆಳಿಗ್ಗೆಯಿಂದ ನುಂಗ್ತಾ ಇಲ್ಲ, ಹಾಕಿದ್ದು ಬಾಯಿ ಪಕ್ಕದಿಂದ ಬರ್ತಿದೆ. ಜೊತೇಲಿ ಯಾರಿದ್ದಾರೆ. ಆ ಹತ್ತೊಂಬತ್ತು ವರ್ಷದವನು ಕಣ್ಣನ್ನು ಮುಂದಕ್ಕೇ ನೆಟ್ಟುಕೊಂಡು ಹೇಳಿದ, ಯಾರೂ ಇಲ್ಲ ಮ್ಯಾಮ್, ಸಾಲಿಗೆ ಹದಿನೈದು ಜನಾನೂ ಬೇಕಿತ್ತಲ್ಲ, ಬಾಗಿಲು ಹಾಕಿದೀವಿ. ಆಮೇಲೆ ಸಣ್ಣ ದನಿಯಲ್ಲಿ, ಪಾಠ ಒಪ್ಪಿಸುವ ಹುಡುಗನ ದನಿಯಲ್ಲಿ, ಯಾರಿಗೂ ಹೇಳಿಲ್ಲ ಮ್ಯಾಮ್, ಒಬ್ಬರಿಗೂ ಹೇಳಿಲ್ಲ, ಎಂದ.

ವಾದ್ಯದ ಕೋಣೆ ಗೊತ್ತು, ಮೈದಾನದ ಉತ್ತರ ತುದಿ, ಇಟ್ಟಿಗೆ ಕಟ್ಟಡ, ಇಲ್ಲಿಂದ ಇನ್ನೂರು ಗಜ, ಓಡಿದರೆ ಒಂದು ನಿಮಿಷ, ಒಂದೂವರೆ ನಿಮಿಷ, ಫೋನ್ ಕೈಯಲ್ಲೇ ಇದೆ, ಈಗ ಎಲ್ಲಿ ಅಂತ ಹೇಳಬಹುದು, ಓಡುತ್ತಲೇ ಹೇಳಬಹುದು, ತಿರುಗು, ಬಲಕ್ಕೆ ತಿರುಗು, ನುಂಗುತ್ತಿಲ್ಲ, ಪಕ್ಕದಿಂದ ಬರುತ್ತಿದೆ, ತಿರುಗು — ಪೀಪಿಯ ಸದ್ದು. ಡ್ರಮ್ ಮೇಜರನ ಪೀಪಿ, ಒಂದು ಉದ್ದ, ನಾಲ್ಕು ಗಿಡ್ಡ, ಆ ನಾಲ್ಕು ಗಿಡ್ಡ ಸದ್ದು ಕಿವಿಗೆ ಹೋಗಲಿಲ್ಲ, ಮೊಣಕಾಲಿಗೆ ಹೋಯಿತು, ಬಲಕ್ಕೆ ತಿರುಗಬೇಕಿದ್ದ ಮೈ ನೆಟ್ಟಗಾಯಿತು, ಗದ್ದ ಮೇಲೆದ್ದಿತು, ಹಾರ್ನಿಲ್ಲದ ತೋಳುಗಳು ಹಾರ್ನ್ ಹಿಡಿದಷ್ಟೇ ಅಗಲಕ್ಕೆ ಎದ್ದವು, ಬೇಡ, ಎಂದೆ, ಯಾರಿಗೆ ಎಂದೆ, ಎಡಗಾಲು ಎದ್ದಿತು. ಮೊಣಕಾಲು ಸೊಂಟದೆತ್ತರ, ಪಾದದ ತುದಿ ನೆಲಕ್ಕೆ ಚೂಪು. ಬಲಕ್ಕೆ ಟ್ರೆವಿಯಾನ್ ಎರಡು ಹೆಜ್ಜೆ, ಎಡಕ್ಕೆ ಹತ್ತನೆಯವನು ಎರಡು ಹೆಜ್ಜೆ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ, ಜನ ಕೂಗುತ್ತಿದ್ದಾರೆ, ಎಡಗಾಲು ಬಿತ್ತು, ಬಲಗಾಲು ಎದ್ದಿತು, ಒಂದು, ಎರಡು, ನಿಲ್ಲು, ಮೂರು, ಬಾಗಿಲು ಹಾಕಿದ್ದಾರೆ, ನಾಲ್ಕು, ನಿಲ್ಲೇ ಮುಂಡೆ, ಐದು, ಸಾಲು ತುಂಬಿದೆ, ಈಗ ಹದಿನಾರು, ಮೇಲಿನಿಂದ ನೋಡುವವರಿಗೆ ಈಗ ಎಲ್ಲೂ ಖಾಲಿಯಿಲ್ಲ, ಆರು, ಮೊಣಕಾಲು, ಏಳು, ನನ್ನ ಮೊಣಕಾಲು, ಒಂಬತ್ತನೆಯ ಜಾಗದಲ್ಲಿ ಸೊಂಟದೆತ್ತರಕ್ಕೆ ಎದ್ದ ನನ್ನ ಮೊಣಕಾಲು